ಕಿಲೋಮೀಟರ್ ಲೆಕ್ಕದ ಸಂಬಳಕ್ಕೆ ದೂರದ ಟ್ರೈಲರ್ ಕೆಲಸ ಒಪ್ಪಿಕೊಳ್ಳಬಹುದೇ?

ಪ್ರಶ್ನೆ | ಹೊಸ ಚಾಲಕ
4 ವರ್ಷದಿಂದ ಸಣ್ಣ ಸರಕು ವಾಹನ ಓಡಿಸುತ್ತಿದ್ದೇನೆ, ರಾತ್ರಿಗೆ ಮನೆ ಸೇರುವ ಕೆಲಸ. ಈಗ ಒಂದು ಸಾಗಣೆ ಕಂಪನಿ ಟ್ರೈಲರ್ ಓಡಿಸಲು ಕರೆದಿದೆ. ತಿಂಗಳ ಸಂಬಳವಿಲ್ಲ, ಓಡಿಸಿದ ಕಿಲೋಮೀಟರಿಗೆ ಇಷ್ಟು ಎಂದು. ಲೆಕ್ಕ ಹಾಕಿದರೆ ಈಗಿನದಕ್ಕಿಂತ ಹೆಚ್ಚೇ ಸಿಗುತ್ತದೆ. ರಾತ್ರಿ ಓಡಿಸುವುದೊಂದೇ ಅಳುಕು. ಅನುಭವಿಗಳು ಹೇಳಿ.

ಉತ್ತರ | ಹಳೆಯ ಸ್ಟಿಯರಿಂಗ್
ನಿಮ್ಮ ಲೆಕ್ಕದಲ್ಲಿ ಗಾಡಿ ಸದಾ ಓಡುತ್ತಲೇ ಇದೆ, ಅಲ್ಲವೇ? 19 ವರ್ಷದಲ್ಲಿ ನಾನು ಓಡಿಸಿದ್ದಕ್ಕಿಂತ ಗೋದಾಮುಗಳ ಗೇಟಿನ ಮುಂದೆ ಕಾದದ್ದೇ ಹೆಚ್ಚೇನೋ. ಒಮ್ಮೆ ಬೆಳಗ್ಗೆ 6 ಗಂಟೆಗೆ ಗೇಟು ಮುಟ್ಟಿದೆ, ಸರಕು ಇಳಿದದ್ದು ರಾತ್ರಿ 11ಕ್ಕೆ. ಸರತಿ ಸರಿದಾಗಲೆಲ್ಲ ಎದ್ದು ಗಾಡಿಯನ್ನು ನಾಲ್ಕು ಮಾರು ಮುಂದೆ ತರಬೇಕು, ಮಲಗುವುದೆಲ್ಲಿ ಬಂತು? ಆ ದಿನದ ಓಟ ಗೇಟಿನಿಂದ ಗೋದಾಮಿನವರೆಗೆ, ಸಂಬಳವೂ ಅಷ್ಟಕ್ಕೇ. ಕೊನೆಯ ಪೆಟ್ಟಿಗೆ ಇಳಿಯುತ್ತಿದ್ದಂತೆ ಕಚೇರಿಯಿಂದ ಫೋನ್: ತಡವಾಗಿದೆ, ಬೇಗ ಹೊರಡು. ತಡ ಮಾಡಿದವನು ನಾನೇ ಎಂಬ ಧಾಟಿ.

ಹೊರಟೆ. ಕಣ್ಣು ತೆರೆದೇ ಇತ್ತು, ಆದರೆ ನಾನಿರಲಿಲ್ಲ. ಚಕ್ರ ರಸ್ತೆಯಂಚಿನ ಜಲ್ಲಿಗೆ ಇಳಿದು ಕ್ಯಾಬಿನ್ ಗಡಗಡ ನಡುಗಿದಾಗಲೇ ಎಚ್ಚರ. 80 ಕಿಲೋಮೀಟರ್ ವೇಗದಲ್ಲಿ 3 ಸೆಕೆಂಡ್ ಕಣ್ಣು ಕೂಡಿದರೆ ಗಾಡಿ ಸುಮಾರು 67 ಮೀಟರ್ ತನ್ನ ಪಾಡಿಗೆ ಹೋಗಿರುತ್ತದೆ.

ರಾತ್ರಿ ಓಡಿಸುವುದು ಅಭ್ಯಾಸವಾಗುತ್ತದೆ. ಬೆಳಗಿನ ಜಾವ 2ರಿಂದ 5 ಮಾತ್ರ ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ನಿದ್ದೆಗೆ ಹೇಳುವ ಸುಳ್ಳುಗಳು. ಗಾಡಿ ಪಕ್ಕಕ್ಕೆ ಹಾಕಿ 20 ನಿಮಿಷ ಮಲಗಿ. ಯುರೋಪಿನ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ಬಿಡುವನ್ನು ಕಾನೂನೇ ಕೊಡಿಸುತ್ತದೆ. ಕಾನೂನು ಏನೇ ಇರಲಿ, ಬಿಡುವಿಗೆ ನಾವೇ ಹಟ ಹಿಡಿಯಬೇಕು.

ಆದ್ದರಿಂದ ಕಂಪನಿಯವರನ್ನು ಮೊದಲು ಕೇಳಬೇಕಾದದ್ದು ದರವಲ್ಲ, ಕಾಯುವ ಹೊತ್ತಿಗೆ ಏನು ಕೊಡುತ್ತೀರಿ ಎಂದು. ಖಾಲಿ ಗಾಡಿ ಓಡಿಸಿದ ಕಿಲೋಮೀಟರ್ ಲೆಕ್ಕಕ್ಕಿದೆಯೇ ಎಂದೂ ಕೇಳಿ.

ಉತ್ತರ | ಇಳಿಜಾರು
ಹಿರಿಯರು ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ: ಟ್ರೈಲರ್ ಕೊಂಡಿ ಹಾಕಿದ ಮೇಲೆ ‘ಕಟಕ್’ ಸದ್ದನ್ನು ನಂಬಬೇಡಿ. ಟ್ರೈಲರ್ ಬ್ರೇಕ್ ಹಿಡಿದಿಟ್ಟು ಸಣ್ಣ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಜಗ್ಗಿ, ಆಮೇಲೆ ಇಳಿದು ಟಾರ್ಚ್ ಹಾಕಿ ನೋಡಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಬ್ರೇಕ್ ಸುಟ್ಟ ವಾಸನೆ ಬಂದ ಮೇಲೆ ಮಾಡುವುದು ಹೆಚ್ಚೇನೂ ಉಳಿದಿರುವುದಿಲ್ಲ.

ಪ್ರಶ್ನೆ ಕೇಳಿದವರು | ಹೊಸ ಚಾಲಕ
ಫೋನ್ ಮಾಡಿ ಕೇಳಿದೆ. ಮೊದಲ 6 ಗಂಟೆ ಕಾಯುವುದಕ್ಕೆ ಏನೂ ಇಲ್ಲ, ನಂತರ ‘ನೋಡಿ ಕೊಡುತ್ತೇವೆ’ ಎಂದರು. ಖಾಲಿ ಓಟಕ್ಕೆ ಅರ್ಧ ದರವಂತೆ.

ಉತ್ತರ | ಹಳೆಯ ಸ್ಟಿಯರಿಂಗ್
‘ನೋಡಿ ಕೊಡುತ್ತೇವೆ’ ಎಂದವರು ನನಗೆ ಇನ್ನೂ ನೋಡುತ್ತಲೇ ಇದ್ದಾರೆ. ಗಂಟೆಗೆ ಎಷ್ಟು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಈಗಿನ ಗಾಡಿಯ ಕೀಲಿಯನ್ನು ಹಿಂದಿರುಗಿಸಬೇಡಿ.