ಮನೆಯವರೇ ಸೇರಿ ಐಸ್ ಕ್ರೀಂ ಅಂಗಡಿ ನಡೆಸುತ್ತಿರುವವರು ಅನುಭವ ಹೇಳುತ್ತೀರಾ?

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಹತ್ತಿರದ ಹಳ್ಳಿಯವರು. ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಎಂಟನೇ ಕ್ಲಾಸಿನ ಮಗ. ಎರಡು ವರ್ಷದಿಂದ ಹಲಸಿನ ಹಣ್ಣು, ಚಿಕ್ಕು, ಎಳನೀರಿನ ಐಸ್ ಕ್ರೀಂ ಮಾಡಿ ಗೊತ್ತಿರುವವರಿಗೆ ಅರ್ಧ ಲೀಟರ್ ಡಬ್ಬಿಯಲ್ಲಿ ಕೊಡುತ್ತಿದ್ದೇನೆ. ಈ ಬೇಸಿಗೆಯಲ್ಲಿ ಮಾಡಿದ್ದು ಸಾಕಾಗಲೇ ಇಲ್ಲ. ಈಗ ಪೇಟೆಯಲ್ಲಿ ಒಂದು ಮಳಿಗೆ ಸಿಕ್ಕಿದೆ. ಗಣೇಶ ಹಬ್ಬದೊಳಗೆ ಅಡ್ವಾನ್ಸ್ ಕೊಡಬೇಕು. ಬಂಡವಾಳ, ಲಾಭದ ಲೆಕ್ಕ ಹೇಳುವ ವಿಡಿಯೊಗಳನ್ನು ತುಂಬ ನೋಡಿದೆ. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ದಿನ ಹೇಗೆ ಹೋಗುತ್ತೆ, ಮನೆಯವರ ಮೇಲೆ ಏನು ಬೀಳುತ್ತೆ ಅಂತ ಯಾರೂ ಹೇಳುವುದಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಕಾರ್ಕಳದಿಂದ:

ತಂಗಿ, ನಮ್ಮದು ಮಾವ ಶುರು ಮಾಡಿದ ಅಂಗಡಿ. ನಾನು ಮದುವೆಯಾಗಿ ಬಂದು 19 ವರ್ಷ ಆಯಿತು. ಬಂದ ವಾರದಿಂದಲೇ ಇದರಲ್ಲಿ ಇದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಬೇಸಿಗೆಯ ವ್ಯಾಪಾರ ನೋಡಿ ಮಳಿಗೆ ಹಿಡಿಯಲು ಹೊರಟಿದ್ದೀರಿ. ಮಳೆಗಾಲ ನೋಡಿ ಹಿಡಿಯಿರಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನೀವು ಕೇಳಿದ ದಿನದ ಕತೆ.

ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಕಾಫಿಗೂ ಮೊದಲು ಫ್ರೀಜರ್‌ಗಳ ಥರ್ಮಾಮೀಟರ್ ನೋಡುತ್ತೇನೆ. ದಾಸ್ತಾನು ಇಡುವುದರಲ್ಲಿ ಮೈನಸ್ 18 ಇರಲೇಬೇಕು. ಗ್ರಾಹಕರಿಗೆ ತೆಗೆದುಕೊಡುವ ಫ್ರೀಜರ್ ಮೈನಸ್ 14ರ ಆಸುಪಾಸು. ಅದಕ್ಕಿಂತ ಗಟ್ಟಿಯಾದರೆ ಸ್ಕೂಪ್ ಇಳಿಯುವುದಿಲ್ಲ, ಮಣಿಕಟ್ಟು ಹೋಗುತ್ತೆ. ನನ್ನ ಬಲಗೈ ನೋವು ಶುರುವಾಗಿದ್ದು ಹಾಗೇ. ನಮಗೆ ಇದನ್ನು ಹೇಳಿಕೊಡುವವರು ಇರಲಿಲ್ಲ.

ಆರು ಗಂಟೆಗೆ ಹಾಲು ಬರುತ್ತೆ. ಹಾಲು, ಕೆನೆ, ಸಕ್ಕರೆ, ಹಾಲಿನ ಪುಡಿ ಸೇರಿಸಿ 70 ಡಿಗ್ರಿಯಲ್ಲಿ ಅರ್ಧ ಗಂಟೆ ತಿರುವುತ್ತಾ ಕಾಯಿಸುತ್ತೇವೆ. ಬೇಗ ತಣಿಸಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಡುತ್ತೇವೆ. ಇವತ್ತು ಕಾಯಿಸಿದ್ದು ನಾಳೆ ಐಸ್ ಕ್ರೀಂ ಆಗುತ್ತೆ. ಅವಸರ ಮಾಡಿ ಅದೇ ದಿನ ಮೆಷಿನ್‌ಗೆ ಹಾಕಿದರೆ ಆ ನುಣುಪು ಬರುವುದೇ ಇಲ್ಲ. ಹಾಲಿನ ಪುಡಿ ನೀರನ್ನು ಹಿಡಿದುಕೊಳ್ಳಬೇಕು, ಕೊಬ್ಬು ಗಟ್ಟಿಯಾಗಬೇಕು. ಅದಕ್ಕೆ ಹೊತ್ತು ಬೇಕು. ನಿನ್ನೆಯ ಮಿಕ್ಸನ್ನು ಬೆಳಿಗ್ಗೆ ಆ ಮೆಷಿನ್‌ಗೆ, ಅಂದರೆ ತಿರುವುತ್ತಾ ಹೆಪ್ಪುಗಟ್ಟಿಸುವ ಬ್ಯಾಚ್ ಫ್ರೀಜರ್‌ಗೆ ಹಾಕುವುದು ನನ್ನವರ ಕೆಲಸ. ಅಲ್ಲಿಂದ ಬಂದಾಗ ಅದು ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರುತ್ತೆ. ಡಬ್ಬಿಗೆ ತುಂಬಿ, ಇನ್ನೂ ಜಾಸ್ತಿ ತಂಪಿನ ಫ್ರೀಜರ್‌ನಲ್ಲಿ ಸಂಜೆವರೆಗೆ ಇಟ್ಟರೆ ಮಾತ್ರ ಗಟ್ಟಿಯಾಗುತ್ತೆ.

ಹಲಸಿನ ಹಣ್ಣಿನ ಬಗ್ಗೆ ಒಂದು ಮಾತು. ಮನೆಯ ಡಬ್ಬಿ ನಾಲ್ಕು ದಿನದಲ್ಲಿ ಖಾಲಿಯಾಗುತ್ತೆ. ಅಂಗಡಿಯದು ಎರಡು ವಾರ ಕೂರಬಹುದು. ಹಣ್ಣಿನ ನೀರು ಅಷ್ಟರಲ್ಲಿ ಐಸ್ ಹರಳಾಗಿ ಹಲ್ಲಿಗೆ ಸಿಗುತ್ತೆ. ತೊಳೆಯನ್ನು ಸಕ್ಕರೆ ಜೊತೆ ಬಾಣಲೆಯಲ್ಲಿ ಕಾಸಿ, ನೀರು ಇಂಗಿಸಿ ಹಾಕಿ. ಮುಳಕ ಅನ್ನುವ ಕರಿದ ಸಿಹಿತಿಂಡಿಗೆ ಕಾಸಿದ ಹಾಗೇ. ಚಿಕ್ಕು ಮಾತ್ರ ಕಾಸಬೇಡಿ, ಪರಿಮಳ ಹೋಗುತ್ತೆ. ಪೂರ್ತಿ ಹಣ್ಣಾದ ಮೇಲೇ ಬಳಸಿ. ಸ್ವಲ್ಪ ದೋರೆ ಇದ್ದರೂ ನಾಲಿಗೆಗೆ ಒಗರು.

ಅಂಗಡಿ ಹತ್ತೂವರೆಗೆ ತೆರೆಯುತ್ತೆ. ಮಧ್ಯಾಹ್ನ ಅತ್ತೆ ಗಲ್ಲಾದಲ್ಲಿ ಕೂರುತ್ತಾರೆ. ಜನ ಸಂಜೆ ಐದರ ಮೇಲೆ. ರಾತ್ರಿ ಹತ್ತೂವರೆಗೆ ಬಾಗಿಲು ಹಾಕಿ, ಮೆಷಿನ್ ಬಿಚ್ಚಿ ತೊಳೆಯಲು ಇನ್ನೊಂದು ಗಂಟೆ. ತೊಳೆಯುವುದನ್ನು ಎಷ್ಟೇ ಸುಸ್ತಾಗಿದ್ದರೂ ನಾಳೆಗೆ ಬಿಡುವಂತಿಲ್ಲ. ಇದು ಹಾಲಿನ ಪದಾರ್ಥ. ಮಕ್ಕಳು ತಿನ್ನುವಂಥದ್ದು.

ಇನ್ನು ಕರೆಂಟು. ನಾನು ಬಂದ ಎರಡನೇ ವರ್ಷ, ಮೇ ತಿಂಗಳ ಒಂದು ಗುಡುಗು ಮಳೆಗೆ ತಂತಿ ಮೇಲೆ ಮರ ಬಿತ್ತು. 14 ಗಂಟೆ ಕರೆಂಟಿಲ್ಲ. ನಾವು ಗಾಬರಿಯಲ್ಲಿ ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದೆವು. ನೋಡಿದಷ್ಟೂ ತಂಪು ಹೊರಗೆ ಹೋಯಿತು. ಬೆಳಿಗ್ಗೆ 60 ಲೀಟರ್ ಪಾಯಸದ ಹಾಗೆ ಆಗಿತ್ತು. ಕರೆಂಟ್ ಬಂದ ಮೇಲೆ ಮತ್ತೆ ಗಟ್ಟಿ ಮಾಡಿ ಮಾರಬಹುದಲ್ವಾ ಅಂತ ನಾನೇ ಕೇಳಿದೆ. ಮಾವ ಏನೂ ಹೇಳಲಿಲ್ಲ. ಒಂದೊಂದೇ ಡಬ್ಬಿ ಹೊತ್ತುಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದರು. ಮಾವ ತೀರಿಕೊಂಡು ಆರು ವರ್ಷ ಆಯಿತು. ಕರಗಿದ ಒಂದು ಕಪ್ಪನ್ನೂ ನಾವು ಇವತ್ತಿನವರೆಗೆ ಮತ್ತೆ ಗಟ್ಟಿ ಮಾಡಿ ಮಾರಿಲ್ಲ.

ಆಮೇಲೆ ಕಲಿತಿದ್ದು ಇಷ್ಟು. ಕರೆಂಟ್ ಹೋದರೆ ಮುಚ್ಚಳ ಮುಟ್ಟಬೇಡಿ. ಫ್ರೀಜರ್ ಮೇಲೆ ದಪ್ಪ ಕಂಬಳಿ ಹೊದಿಸಿ, ಗಾಳಿಯಾಡುವ ಜಾಲರಿ ಮಾತ್ರ ಬಿಡಿ. ಒಳಗೆ ಖಾಲಿ ಜಾಗ ಇದ್ದರೆ ಕಲ್ಲುಪ್ಪು ಕರಗಿಸಿದ ನೀರಿನ ಬಾಟಲಿಗಳನ್ನು ಇಟ್ಟಿರಿ, ಬರೀ ನೀರಿಗಿಂತ ಅದು ಚೆನ್ನಾಗಿ ತಂಪು ಕಾಯುತ್ತೆ. ಬಾಟಲಿಯನ್ನು ಪೂರ್ತಿ ತುಂಬಬೇಡಿ, ಒಡೆಯುತ್ತೆ. ನಿಮ್ಮ ಕಡೆಯ ಮಳೆ ಗಾಳಿಗೆ ಜನರೇಟರ್ ಇಲ್ಲದೆ ಆಗುವುದಿಲ್ಲ. ಅದರ ದುಡ್ಡನ್ನು ಮೊದಲ ದಿನದ ಬಂಡವಾಳಕ್ಕೇ ಸೇರಿಸಿ.

ಈಗ ಮಳೆಗಾಲದ ವಿಷಯ. ನಮ್ಮಲ್ಲಿ ಪತ್ತನಾಜೆ ಅಂತ ಇದೆ, ಮೇ 24ರ ಸುಮಾರಿಗೆ ಬರುತ್ತೆ. ಅಲ್ಲಿಗೆ ಜಾತ್ರೆ, ಕೋಲ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ಮುಗಿಯಿತು. ನಮ್ಮ ವ್ಯಾಪಾರವೂ ಅವತ್ತಿಗೆ ಇಳಿಯುತ್ತೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ಮದುವೆ ಆರ್ಡರ್ ಕೂಡ ಇಲ್ಲ. ಏಪ್ರಿಲ್‌ನಲ್ಲಿ ನಾಲ್ಕು ರೂಪಾಯಿ ಬಂದಲ್ಲಿ ಜುಲೈನಲ್ಲಿ ಒಂದು ರೂಪಾಯಿ. ಬಾಡಿಗೆ ಇಳಿಯುವುದಿಲ್ಲ. ಫ್ರೀಜರ್‌ನ ಬಿಲ್ಲೂ ಅರ್ಧಕ್ಕೆ ಇಳಿಯುವುದಿಲ್ಲ, ಯಾಕೆಂದರೆ ಒಂದೇ ಡಬ್ಬಿ ಇದ್ದರೂ ಅದು ಓಡಲೇಬೇಕು. ಮಾರ್ಚ್‌ನಿಂದ ಮೇವರೆಗೆ ಪ್ರತಿ ರಾತ್ರಿ ಗಲ್ಲಾ ಎಣಿಸಿದ ಕೂಡಲೇ ನೂರಕ್ಕೆ ಇಪ್ಪತ್ತು ಬೇರೆ ಖಾತೆಗೆ ಹಾಕುತ್ತೇವೆ. ಜೂನ್‌ವರೆಗೆ ಅದನ್ನು ಮುಟ್ಟುವುದಿಲ್ಲ. ಕೃಷ್ಣಾಷ್ಟಮಿ ಹೊತ್ತಿಗೆ ಅದು ಬಹುತೇಕ ಖಾಲಿಯಾಗಿರುತ್ತೆ. ನಿಮ್ಮಲ್ಲಿ ಮಳೆ ಏನು ಕಮ್ಮಿಯಾ?

ಮನೆಯವರ ಮೇಲೆ ಏನು ಬೀಳುತ್ತೆ ಅಂದಿರಲ್ಲ. ಊರಿಗೆಲ್ಲ ರಜೆ ಇರುವಾಗ ನಮಗೆ ಕೆಲಸ. 19 ವರ್ಷದಲ್ಲಿ ತವರಿನ ಒಂದು ಮದುವೆಯನ್ನೂ ನಾನು ಪೂರ್ತಿ ನೋಡಿಲ್ಲ. ತಮ್ಮನ ಮದುವೆಗೂ ಧಾರೆ ಮುಗಿದ ಮೇಲೆ ತಲುಪಿದೆ. ಐಸ್ ಕ್ರೀಂ ಇಳಿಸಿ, ಊಟ ಮಾಡಿ ಬಂದೆ. ಮಕ್ಕಳಿಗೆ ಅಜ್ಜಿ ಮನೆ ಅಂದರೆ ದಸರಾ ರಜೆ ಮಾತ್ರ. ಇದು ಇವತ್ತಿಗೂ ನನಗೆ ನೋವು. ಈಗ ಮಂಗಳವಾರ ಮಧ್ಯಾಹ್ನದ ಮೇಲೆ ಅಂಗಡಿ ತೆರೆಯುವುದಿಲ್ಲ, ಏಪ್ರಿಲ್ ಆದರೂ ಸರಿ. ಮತ್ತೆ ಅತ್ತೆಗೆ, ನನಗೆ, ನನ್ನವರಿಗೆ ತಿಂಗಳ ಸಂಬಳ ಅಂತ ಪುಸ್ತಕದಲ್ಲಿ ಬರೆದು ಕೊಡುತ್ತೇವೆ. ಅದನ್ನು ಬರೆಯದೆ ಎಂಟು ವರ್ಷ ಲಾಭ ಇದೆ ಅಂದುಕೊಂಡಿದ್ದೆವು. ಬರೆದ ಮೇಲೆ ನಿಜವಾದ ಲಾಭ ಎಷ್ಟು ಅಂತ ಗೊತ್ತಾಯಿತು.

ಹುಬ್ಬಳ್ಳಿಯಿಂದ:

ತಂಗಿ, ಅಕ್ಕ ಎಲ್ಲ ಬಿಡಿಸಿ ಹೇಳಿದ್ದಾರೆ. ಕಾಗದಪತ್ರದ ವಿಷಯ ಬಂದಿಲ್ಲ, ಅದನ್ನು ನಾನು ಹೇಳುತ್ತೇನೆ. ನಾವು ಅಣ್ಣತಮ್ಮ ಸೇರಿ ಕುಲ್ಫಿ, ಐಸ್ ಕ್ಯಾಂಡಿ ಮಾಡಿ ಐದು ತಳ್ಳುಗಾಡಿಗೆ ಹಾಕುತ್ತೇವೆ.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಈಗಲೇ ಮಾಡಿಸಿ, ಮನೆಯಿಂದ ಮಾರಿದರೂ ಬೇಕು. ನಾವು 2019ರಲ್ಲಿ ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ 100 ರೂಪಾಯಿ ಫೀಸು ಇತ್ತು. ಡಬ್ಬಿಯ ಮೇಲೆ ಬರೀ "ಐಸ್ ಕ್ರೀಂ" ಅಂತ ಹಾಕಲು ಹಾಲಿನ ಕೊಬ್ಬು ನೂರಕ್ಕೆ 10 ಇರಬೇಕು. ಹಸುವಿನ ಹಾಲಿನಲ್ಲಿ ಅಷ್ಟು ಇರುವುದಿಲ್ಲ, ಕೆನೆ ಸೇರಿಸಲೇಬೇಕು. ಕೆನೆ ದುಬಾರಿ ಅಂತ ವನಸ್ಪತಿ ಕೊಬ್ಬು ಹಾಕಿದರೆ ಅದು ಫ್ರೋಜನ್ ಡೆಸರ್ಟ್. ಹಾಗಂತಲೇ ಬರೆಯಬೇಕು.

ಜಿಎಸ್‌ಟಿಯಲ್ಲಿ ನಮ್ಮ ಕಸುಬಿಗೆ ಬೇರೆ ನಿಯಮ. ಸಾಮಾನು ಮಾರುವವರಿಗೆ 40 ಲಕ್ಷದವರೆಗೆ ನೋಂದಣಿ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಐಸ್ ಕ್ರೀಂಗೆ ಅದು ಇಲ್ಲ, 20 ಲಕ್ಷವೇ ಮಿತಿ. ಐಸ್ ಕ್ರೀಂ ತಯಾರಿಸುವವರಿಗೆ ಕಾಂಪೋಸಿಷನ್, ಅಂದರೆ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸೌಲಭ್ಯ, ಅದೂ ಸಿಗುವುದಿಲ್ಲ. ಒಳ್ಳೆಯದೇನೆಂದರೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ 18ರಿಂದ 5ಕ್ಕೆ ಇಳಿಯಿತು. ಅದೇ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಾವಿರಾರು ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದಿದ್ದು ನೆನಪಿದೆಯಲ್ಲ? ನಮ್ಮ ಓಣಿಯಲ್ಲೇ ಇಬ್ಬರು ರಾತ್ರಿ ನಿದ್ದೆಗೆಟ್ಟರು. ಮೊದಲ ದಿನದಿಂದ ಬರೆದಿಡಿ.

ಇನ್ನೊಂದು. ಮಳಿಗೆಗೆ ಮೊದಲು ಒಂದು ಗಾಡಿ ತೆಗೆದುಕೊಳ್ಳಬಹುದಲ್ವಾ? ಈಗಿನ ಕೆಲವು ಗಾಡಿಗಳ ಪೆಟ್ಟಿಗೆ ಗೋಡೆಯೊಳಗೆ ಒಂದು ದ್ರಾವಣ ಇರುತ್ತೆ. ರಾತ್ರಿಯಿಡೀ ಪ್ಲಗ್‌ಗೆ ಹಾಕಿದರೆ ಅದು ಹೆಪ್ಪುಗಟ್ಟಿ, ಹಗಲೆಲ್ಲ ಕರೆಂಟಿಲ್ಲದೆ ತಂಪು ಹಿಡಿಯುತ್ತೆ. ನಿಮ್ಮ ಕಡೆ ಜಾತ್ರೆಗಳಿಗೆ ಏನು ಕೊರತೆ. ಆದರೆ ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದು ಎರಡು ವರ್ಷಕ್ಕೊಮ್ಮೆ. ಜಾತ್ರೆ ವರ್ಷದ ವ್ಯಾಪಾರ ನೋಡಿ ಮಳಿಗೆಯ ಬಾಡಿಗೆ ಒಪ್ಪಿಕೊಳ್ಳಬೇಡಿ.

ಮೈಸೂರಿನಿಂದ:

ನಾಲ್ಕು ವರ್ಷ ನಡೆಸಿ ಮುಚ್ಚಿದವರು ನಾವು, ನಮ್ಮದನ್ನೂ ಕೇಳಿ. ಮಳಿಗೆ ಪಶ್ಚಿಮಕ್ಕೆ ಮುಖ ಮಾಡಿತ್ತು. ಬಾಡಿಗೆ ಕಮ್ಮಿ ಅಂತ ಖುಷಿಯಿಂದ ಹಿಡಿದೆವು. ಮಧ್ಯಾಹ್ನ ಎರಡರಿಂದ ಬಿಸಿಲು ನೇರ ಫ್ರೀಜರ್ ಮೇಲೆ. ಮೋಟಾರು ನಿಲ್ಲುತ್ತಲೇ ಇರಲಿಲ್ಲ, ಬಿಲ್ಲು ಬಾಡಿಗೆಯ ಹತ್ತಿರ ಬಂತು. ಎರಡನೆಯದು, ಒಂದು ಕಂಪನಿ ಡೆಪಾಸಿಟ್ ಮೇಲೆ ಫ್ರೀಜರ್ ಕೊಟ್ಟಿತು. ಅದರಲ್ಲಿ ಅವರ ಮಾಲು ಬಿಟ್ಟು ನಮ್ಮದು ಇಡುವಂತಿಲ್ಲ ಅಂತ ಆಮೇಲೆ ಗೊತ್ತಾಯಿತು. ಕಾಗದ ಓದದೆ ಸಹಿ ಹಾಕಿದ್ದೆವು. ಮೂರನೆಯದು ಉದ್ರಿ. ಹೋಟೆಲಿಗೆ ಸಪ್ಲೈ ಅಂತ ಹೋದರೆ ದುಡ್ಡು ಮೂರು ತಿಂಗಳಿಗೆ. ನೀವು ಮಳಿಗೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ ಬನ್ನಿ, ಅಕ್ಕ.

ಕೇಳಿದವರು:

ಎಲ್ಲರಿಗೂ ಕೈ ಮುಗಿಯುತ್ತೇನೆ. ರಾತ್ರಿ ಅತ್ತೆಗೆ ಎಲ್ಲ ಓದಿ ಹೇಳಿದೆ. ತೆಂಗಿನ ಬುಡದ ಮಾತು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಮಳಿಗೆ ಉತ್ತರಕ್ಕೆ ಮುಖ ಇದೆ. ಕಾರ್ಕಳದ ಅಕ್ಕ, ಇನ್ನೆರಡು ಪ್ರಶ್ನೆ. ಎಷ್ಟು ಬಗೆ ಇಟ್ಟುಕೊಳ್ಳಬೇಕು? ಮಳೆಗಾಲದಲ್ಲಿ ಬೇರೆ ತಿಂಡಿ ಇಡಬಹುದಾ, ಅಥವಾ ಅದರಿಂದ ಹೆಸರು ಕೆಡುತ್ತಾ?

ಕಾರ್ಕಳದಿಂದ:

ಹೆಸರು ಯಾಕೆ ಕೆಡುತ್ತೆ ತಂಗಿ? ನಮ್ಮ ಮುಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ್ ಕಾಮತರು 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ಶುರು ಮಾಡಿದಾಗ ಐಸ್ ಕ್ರೀಂ ಜೊತೆ ಪಾವ್ ಭಾಜಿಯನ್ನೂ ಮಾರುತ್ತಿದ್ದರು. ಖಾರ ತಿಂದವರು ತಂಪು ಕೇಳುತ್ತಾರೆ ಅಂತ. ಐಸ್ ಕ್ರೀಂ ತಾನೇ ನಿಲ್ಲುವಂತಾದ ಮೇಲೆ ಪಾವ್ ಭಾಜಿ ಬಿಟ್ಟರು. ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿ ಕ್ಯಾರೆಟ್ ಹಲ್ವ, ಬಿಸಿ ಜಾಮೂನು ಮಾಡುತ್ತೇವೆ. ಮೇಲೆ ಒಂದು ಸ್ಕೂಪ್ ವೆನಿಲಾ. ಜೋರು ಮಳೆ ಸುರಿಯುವಾಗಲೂ ಅದಕ್ಕೆ ಜನ ಬರುತ್ತಾರೆ. ಹಲ್ವ ಅತ್ತೆಯ ಕೈಯದೇ ಆಗಬೇಕು ಅಂತ ಕೇಳುವವರಿದ್ದಾರೆ.

ಬಗೆ ಆರು ಸಾಕು. ಮೂರು ಬಗೆ ವರ್ಷವಿಡೀ ಇರುವಂಥದ್ದು, ಮೂರು ಆ ಕಾಲದ ಹಣ್ಣಿನದ್ದು. ಗಡ್‌ಬಡ್ ಒಂದು ಇಡಿ. ಉದ್ದ ಗ್ಲಾಸಿನಲ್ಲಿ ಐಸ್ ಕ್ರೀಂ, ಜೆಲ್ಲಿ, ಹಣ್ಣು, ಗೋಡಂಬಿ ಪದರ ಪದರವಾಗಿ ಹಾಕಿದರೆ ಇದೇ ಆರರಲ್ಲಿ ಇನ್ನೊಂದು ಐಟಂ ಆಯಿತು.

ಗಣೇಶ ಹಬ್ಬಕ್ಕೆ ಇನ್ನೂ ಹೊತ್ತಿದೆ. ಜುಲೈನಲ್ಲಿ ಒಂದು ದಿನ ನಿಮ್ಮ ಯಜಮಾನರನ್ನೂ ಕರೆದುಕೊಂಡು ನಮ್ಮಲ್ಲಿಗೆ ಬನ್ನಿ. ಮಂಗಳವಾರ ಬೇಡ. ಸಂಜೆ ಐದರಿಂದ ರಾತ್ರಿವರೆಗೆ ನನ್ನ ಪಕ್ಕ ಗಲ್ಲಾದಲ್ಲಿ ಕೂರಿ, ಬಂದವರನ್ನು ನೀವೇ ಎಣಿಸಿ. ಅದಾದ ಮೇಲೆ ಅಡ್ವಾನ್ಸ್ ಮಾತಾಡಿ. ಊಟ ನಮ್ಮಲ್ಲೇ. ಬರುವಾಗ ನಿಮ್ಮ ಹಲಸಿನ ಐಸ್ ಕ್ರೀಂನ ಒಂದು ಡಬ್ಬಿ ತನ್ನಿ, ಬಸ್ಸಿನಲ್ಲಿ ಅದು ಎಷ್ಟು ಹೊತ್ತು ತಡೆಯುತ್ತೆ ಅಂತಲೂ ನೋಡಿದ ಹಾಗಾಗುತ್ತೆ.