ಹೂತುಹೋದ ಹವಳದ ದಿಬ್ಬದ ಬುಡ ಉಬ್ಬಿ ಕಾಣುತ್ತಿದೆ, ನಿಜಾನಾ?

ಕಲ್ಲುಬಂಡೆ: ಎಂ.ಎಸ್ಸಿ ಪ್ರಾಜೆಕ್ಟ್‌ಗೆ ಮಲೇಷ್ಯಾದ ಸಾರಾವಾಕ್ ಕಡಲಿನ ಲುಕೋನಿಯಾ ತಗೊಂಡಿದ್ದೇನೆ. ಮಯೋಸೀನ್ ಕಾಲದ (ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷ ಹಿಂದಿನ) ಸುಣ್ಣಕಲ್ಲಿನ ದಿಬ್ಬಗಳು ಅಲ್ಲಿ 200ಕ್ಕೂ ಜಾಸ್ತಿ ಇವೆ. ಹಳೇ 2ಡಿ ಸೈಸ್ಮಿಕ್ (ನೆಲದೊಳಕ್ಕೆ ಶಬ್ದ ಬಿಟ್ಟು, ಮರಳಿದ ಪ್ರತಿಧ್ವನಿಯಿಂದ ಪದರ ಚಿತ್ರಿಸುವ) ಲೈನ್‌ನಲ್ಲಿ ದಿಬ್ಬದ ತಲೆ ಚೆನ್ನಾಗಿ ಕಾಣುತ್ತದೆ, ಆದರೆ ಇಳಿಜಾರು ಮಸುಕು, ಬುಡದ ಪದರವೂ ಮೇಲಕ್ಕೆ ಉಬ್ಬಿದೆ. ಅಡಿಯಲ್ಲಿ ನಿಜವಾಗಲೂ ಗುಡ್ಡ ಇತ್ತಾ? ಫಿಲ್ಟರ್ ಬದಲಿಸಿ ನೋಡಿದರೂ ಉಬ್ಬು ಹೋಗುತ್ತಿಲ್ಲ.

ಪಡುವಣಗಾಳಿ: ಫಿಲ್ಟರ್ ಬಿಡಿ, ಮೊದಲು ವೇಗ ನೋಡಿ. ದಿಬ್ಬ 400 ಮೀಟರ್ ದಪ್ಪ, ಸುಣ್ಣಕಲ್ಲಿನಲ್ಲಿ ಶಬ್ದ ಸೆಕೆಂಡಿಗೆ 4,000 ಮೀಟರ್, ಪಕ್ಕದ ಜೇಡಿಯಲ್ಲಿ 2,500 ಅಂದುಕೊಳ್ಳಿ. ಹೋಗಿ ಬರೋಕೆ ಕಲ್ಲಿನಲ್ಲಿ 200 ಮಿಲಿಸೆಕೆಂಡು, ಜೇಡಿಯಲ್ಲಿ 320. ದಿಬ್ಬದ ಕೆಳಗಿನ ಪ್ರತಿಧ್ವನಿ 120 ಮಿಲಿಸೆಕೆಂಡು ಮುಂಚೆ ಬರುತ್ತದೆ, ಬುಡ ಚಪ್ಪಟೆ ಇದ್ದರೂ ಸೆಕ್ಷನ್ ಚಿತ್ರದಲ್ಲಿ (ಅದರಲ್ಲಿ ಆಳದ ಬದಲು ಸಮಯ ಇರುತ್ತದೆ) ಉಬ್ಬಿ ಕೂರುತ್ತದೆ. ಪುಲ್-ಅಪ್ ಅಂದರೆ ಇದೇ.

ಹಳೇ_ಸರ್ವೇಯರ್: ಸರಿ, ಆದರೆ ಲುಕೋನಿಯಾದಲ್ಲಿ ಅಷ್ಟು ಸಲೀಸಲ್ಲ. ಅಲ್ಲಿ ಎಷ್ಟೋ ದಿಬ್ಬ ಬೆಳೆದಿದ್ದೇ ಭೂಮಿ ಬಿರಿದು ಎತ್ತರವಾಗಿ ಉಳಿದ ಜಾಗದ ಮೇಲೆ, ಹಾಗಾಗಿ ಉಬ್ಬಿನಲ್ಲಿ ಸ್ವಲ್ಪ ನಿಜವೂ ಇರಬಹುದು. ಮೇಲಿನ ಪದರಕ್ಕೆ ಗ್ಯಾಸ್ ಸೋರಿದ್ದರೆ ಅಲ್ಲಿ ಶಬ್ದ ನಿಧಾನ, ಕೆಳಗಿನದೆಲ್ಲ ತಗ್ಗಿ ಕಾಣುತ್ತದೆ. ಇನ್ನು ನೀರು ಸುಮಾರು ನೂರು ಮೀಟರ್ ಅಷ್ಟೇ, ಕಡಲ ತಳಕ್ಕೂ ನೀರಿನ ಮೇಲ್ಮೈಗೂ ಪುಟಿದ ಶಬ್ದ 130 ಮಿಲಿಸೆಕೆಂಡಿಗೊಮ್ಮೆ ಸುಳ್ಳು ಗೆರೆ ಎಳೆಯುತ್ತದೆ, ಆ ಮಲ್ಟಿಪಲ್ ತೆಗೆಯದೆ ವೇಗ ಗುರುತಿಸಲು ಹೋದರೆ ವೇಗವೇ ತಪ್ಪು ಬರುತ್ತದೆ. ಇಳಿಜಾರಿನ ಆಸೆ ಬಿಡಿ. 2ಡಿಯಲ್ಲಿ ಪಕ್ಕದಿಂದ ಬಂದ ಪ್ರತಿಧ್ವನಿಯೂ ನೇರ ಕೆಳಗಿಂದ ಬಂದ ಹಾಗೇ ಕೂರುತ್ತದೆ. ಅದಕ್ಕೆ 3ಡಿ ಡೇಟಾ, ಪ್ರೀ-ಸ್ಟ್ಯಾಕ್ ಡೆಪ್ತ್ ಮೈಗ್ರೇಷನ್ (ಕೂಡಿಸುವ ಮುಂಚಿನ ದಾಖಲೆಗಳಿಂದ ಪ್ರತಿಧ್ವನಿಗಳನ್ನು ಸರಿಯಾದ ಜಾಗ, ಆಳಕ್ಕೆ ಕೂರಿಸುವ ಲೆಕ್ಕ) ಎರಡೂ ಬೇಕು.

ಕಲ್ಲುಬಂಡೆ: ಅಯ್ಯೋ, ಗ್ಯಾದರ್ಸ್ (ಕೂಡಿಸುವ ಮುಂಚಿನ ಬಿಡಿ ದಾಖಲೆಗಳು) ಕೊಟ್ಟಿಲ್ಲ ಸರ್, ಎಲ್ಲ ಕೂಡಿಸಿದ ಸ್ಟ್ಯಾಕ್ ಮಾತ್ರ ಇದೆ. ಬಾವಿಯ ಸೋನಿಕ್ ಲಾಗ್ (ಬಾವಿಯುದ್ದಕ್ಕೂ ಕಲ್ಲಿನಲ್ಲಿ ಶಬ್ದದ ವೇಗ ಅಳೆದ ದಾಖಲೆ) ಒಂದಿದೆ. ಅದರ ಪ್ರಕಾರ ದಿಬ್ಬ ಸುಮಾರು 400 ಮೀಟರೇ.

ಪಡುವಣಗಾಳಿ: ಲಾಗ್ ಇದೆ ಅಂತ ಮೊದಲೇ ಹೇಳಬಾರದಿತ್ತಾ! ಡೆಪ್ತ್ ಮೈಗ್ರೇಷನ್ ಆಗಲ್ಲ, ಆದರೆ ಬುಡದ ಪ್ರಶ್ನೆಗೆ ಉತ್ತರ ಸಿಗಬಹುದು. ರಂಧ್ರ ಜಾಸ್ತಿ ಇರುವ ಕಲ್ಲಿನಲ್ಲಿ ವೇಗ ಇಳಿಯುತ್ತದೆ, ಒಂದೇ ಅಂಕಿ ಹಾಕಬೇಡಿ. 3,500 ಹಾಕಿದರೆ ಪುಲ್-ಅಪ್ ಸುಮಾರು 91 ಮಿಲಿಸೆಕೆಂಡು, 4,500 ಹಾಕಿದರೆ 142. ಪಕ್ಕದ ಜೇಡಿಯ ವೇಗವೂ ಆಳ ಹೋದಂತೆ ಏರುತ್ತದೆ, ಅದನ್ನೂ ಲಾಗ್‌ನಿಂದಲೇ ತೆಗೆದುಕೊಂಡು ಮತ್ತೆ ಲೆಕ್ಕ ಮಾಡಿ. ಉಬ್ಬು ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಗುಡ್ಡದ ಮಾತು. ನಿಮ್ಮ ಲೈನ್‌ನಲ್ಲಿ ಎಷ್ಟಿದೆ?