ಇಷ್ಟು ಬೆವರಿದರೂ ಮೈ ತಣ್ಣಗಾಗಲ್ಲ ಯಾಕೆ?

ಬಳ್ಳಾರಿ ಹುಡುಗಿ:
ಮಂಗಳೂರಲ್ಲಿ ಬಿ.ಎಸ್ಸಿ ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ಬೆವರು ಮೈಯನ್ನು ತಂಪು ಮಾಡುತ್ತದೆ ಅಂತ ಫಿಸಿಯಾಲಜಿ ಪಾಠದಲ್ಲಿದೆ. ನಮ್ಮೂರಲ್ಲಿ 40 ಡಿಗ್ರಿ ಇದ್ದರೂ ತಡೆದುಕೊಳ್ಳುತ್ತಿದ್ದೆ. ಇಲ್ಲಿ 33ಕ್ಕೇ ಯೂನಿಫಾರ್ಮ್ ಒದ್ದೆ, ಆದರೂ ಸೆಕೆ ಇಳಿಯಲ್ಲ. ಏರಿದ ಬಿಸಿಯನ್ನು ದೇಹವೇ ಇಳಿಸಿಕೊಳ್ಳುವ ನೆಗೆಟಿವ್ ಫೀಡ್‌ಬ್ಯಾಕ್ ಕೆಟ್ಟಿದೆ ಅಂತ ಬರೆಯಬಹುದಾ? ಸೋಮವಾರ ಇಂಟರ್ನಲ್ಸ್.

ಉಡುಪಿ ಟೀಚರ್:
ಹಾಗೆ ಬರೆದರೆ ಮಾರ್ಕ್ಸ್ ಹೋಯಿತು ಮಾರಾಯ್ತಿ! ಫೀಡ್‌ಬ್ಯಾಕ್ ಸರಿಯಾಗಿಯೇ ಇದೆ. ಮೆದುಳಿನ ಹೈಪೋಥಲಾಮಸ್ ಅನ್ನುವ ಭಾಗ ರಕ್ತದ ಬಿಸಿಯನ್ನು ತಾನೇ ಗಮನಿಸುತ್ತದೆ, ಚರ್ಮದಿಂದಲೂ ಸುದ್ದಿ ಬರುತ್ತದೆ. 37 ಡಿಗ್ರಿ ದಾಟಿ ಮೇಲೆ ಹೊರಟಿತು ಅಂದರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರಿನ ಗ್ರಂಥಿಗಳಿಗೆ ಆರ್ಡರ್ ಹೋಗುತ್ತದೆ. ಅವು ಸುರಿಸುತ್ತವೆ. ಅಲ್ಲಿಗೆ ದೇಹದ ಪಾಲಿನ ಕೆಲಸ ಮುಗಿಯಿತು.

ಮುಂದಿನದು ಗಾಳಿಯ ಕೈಯಲ್ಲಿದೆ. ತಂಪಾಗುವುದು ಬೆವರು ಬಂದಾಗ ಅಲ್ಲ, ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ನೆಲಕ್ಕೆ ತೊಟ್ಟಿಕ್ಕಿದ್ದು ಸುಮ್ನೆ ದಂಡ. ನಮ್ಮ ಕಡಲ ಬದಿಯ ಗಾಳಿಯಲ್ಲಿ ಮೊದಲೇ ನೀರಾವಿ ಜಾಸ್ತಿ, ಬೆವರು ಬೇಗ ಆರುವುದಿಲ್ಲ. ಬಿಸಿ ಇಳಿಯದ ಕಾರಣ ಆರ್ಡರ್ ಹೋಗುತ್ತಲೇ ಇರುತ್ತದೆ, ನೀನು ಇನ್ನೂ ಬೆವರುತ್ತೀಯ. ಬಳ್ಳಾರಿಯಲ್ಲೂ ಬೆವರುತ್ತಿದ್ದೆ, ಬಂದ ಹಾಗೇ ಆರಿಹೋಗುತ್ತಿತ್ತು. ಅಂಗಿಯ ಬೆನ್ನಲ್ಲಿ ಬಿಳಿ ಉಪ್ಪಿನ ಗೆರೆ ನೋಡಿಲ್ವಾ?

ಪೇಪರ್ ತಿದ್ದುವಾಗ ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ರಿಸೆಪ್ಟರ್ (ಬಿಸಿ ಗುರುತಿಸುವುದು), ಕಂಟ್ರೋಲ್ ಸೆಂಟರ್ (ಆರ್ಡರ್ ಕೊಡುವುದು), ಎಫೆಕ್ಟರ್ (ಕೆಲಸ ಮಾಡುವುದು) ಅಂತ ಬಾಣ ಹಾಕಿ ಅಲ್ಲಿಗೇ ಬಿಡುತ್ತಾರೆ. ಬಿಸಿ ಇಳಿದ ಮೇಲೆ ಬೆವರು ನಿಲ್ಲುತ್ತದೆ ಅನ್ನುವ ಬಾಣ ಎಲ್ಲಿ? ಅದಿಲ್ಲದೆ ನಾನು ಪೂರ್ತಿ ಮಾರ್ಕ್ಸ್ ಕೊಡುವುದಿಲ್ಲ.

ಕದ್ರಿ ಅಣ್ಣ:
ಪರೀಕ್ಷೆ ಇರಲಿ, ಮೊದಲು ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಮಧ್ಯಾಹ್ನ ಗಂಜಿ ತೆಳಿಗೆ ಸ್ವಲ್ಪ ಉಪ್ಪು ಹಾಕಿ ಕುಡಿಯಿರಿ.

ಬಳ್ಳಾರಿ ಹುಡುಗಿ:
ಥ್ಯಾಂಕ್ಸ್ ಟೀಚರ್, ಥ್ಯಾಂಕ್ಸ್ ಅಣ್ಣ. ಆದರೆ ಫ್ಯಾನ್ ತಿರುಗಿಸುವುದೂ ಅದೇ ಒದ್ದೆ ಗಾಳಿಯನ್ನೇ ಅಲ್ವಾ? ಮತ್ತೆ ಹಾಯ್ ಅನ್ನಿಸುವುದು ಹೇಗೆ?

ಉಡುಪಿ ಟೀಚರ್:
ಮೈಗೆ ಅಂಟಿಕೊಂಡ ಗಾಳಿ ಕೋಣೆಯ ಗಾಳಿಗಿಂತ ಒದ್ದೆ. ಫ್ಯಾನ್ ಅದನ್ನು ಸರಿಸುತ್ತದೆ, ಅಷ್ಟೆ. ತೆಳಿಯ ಮಾತೂ ಸರಿ, ಬೆವರಲ್ಲಿ ಸೋಡಿಯಂ ಹೋಗುತ್ತದೆ. ಸೆಕೆಗಾಲ ಶುರುವಾಗಿ ಒಂದೆರಡು ವಾರದಲ್ಲಿ ಮೈ ಒಗ್ಗುತ್ತದೆ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಆದರೆ ಅದರಲ್ಲಿ ಉಪ್ಪು ಕಡಿಮೆ. ಆಲ್ಡೋಸ್ಟೆರಾನ್ ಹಾರ್ಮೋನಿನಿಂದಾಗಿ ಬೆವರಿನ ನಾಳದಲ್ಲೇ ಸೋಡಿಯಂ ವಾಪಸ್ ಹೀರಿಕೆಯಾಗುತ್ತದೆ. ಈ ಹೆಸರು ಕಿಡ್ನಿ ಪಾಠದಲ್ಲೂ ಬರುತ್ತದೆ, ಈಗಲೇ ಬರೆದಿಟ್ಟುಕೋ.